ತಲೆಗೆ ಹತ್ತೇ ಗುಂಡು!

ಯುದ್ಧದ ಸಿನಿಮಾ ನೋಡಿ ನೋಡಿ ನಮಗೊಂದು ನಂಬಿಕೆ ಬಂದುಬಿಟ್ಟಿದೆ: ಮೆಷಿನ್‌ಗನ್ ಗುಡುಗಿತೆಂದರೆ ಎದುರಿಗಿದ್ದವರು ಸಾಲುಸಾಲಾಗಿ ಉರುಳಲೇಬೇಕು. ಆಸ್ಟ್ರೇಲಿಯಾದವರಿಗೂ ಆ ನಂಬಿಕೆಯಿತ್ತು, 1932ರ ನವೆಂಬರ್‌ವರೆಗೆ.

ಆಗ ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಸೀಮೆಯ ಗೋಧಿ ಹೊಲಗಳಿಗೆ ಸುಮಾರು 20,000 ಎಮು ಹಕ್ಕಿಗಳು ನುಗ್ಗಿದವು. ಹೊಲದೊಡೆಯರಲ್ಲಿ ಹಲವರು ಮೊದಲ ಮಹಾಯುದ್ಧ ಮುಗಿಸಿ ಬಂದ ಮಾಜಿ ಸೈನಿಕರು. ಬೆಳೆ ಹೋದರೆ ಯಾರಾದರೂ ಕೃಷಿ ಮಂತ್ರಿಯ ಬಾಗಿಲಿಗೆ ಹೋಗುತ್ತಾರೆ. ಇವರು ನೆಟ್ಟಗೆ ರಕ್ಷಣಾ ಮಂತ್ರಿ ಸರ್ ಜಾರ್ಜ್ ಪಿಯರ್ಸ್ ಬಳಿಗೇ ಹೋದರು. ಮಂತ್ರಿಗಳು ಒಪ್ಪಿದರು. ಆದರೆ ಜಾಣರು ನೋಡಿ: ಗನ್ ಹಿಡಿಯುವವರು ಸೇನೆಯವರು, ಊಟ, ವಸತಿ, ಗುಂಡಿನ ಖರ್ಚು ಮಾತ್ರ ರೈತರದು! ಶತ್ರುವೋ, ಆ ದೇಶದ ಲಾಂಛನದಲ್ಲೇ ಕಾಂಗರೂ ಎದುರು ಠೀವಿಯಿಂದ ನಿಂತಿರುವ ಹಕ್ಕಿ.

ಮೇಜರ್ ಮೆರಿಡಿತ್ ಎರಡು ಲೂಯಿಸ್ ಮೆಷಿನ್‌ಗನ್, 10,000 ಗುಂಡುಗಳೊಂದಿಗೆ ದಂಡೆತ್ತಿ ಹೊರಟರು. ವಿಜಯವನ್ನು ಸೆರೆಹಿಡಿಯಲು ಸಿನಿಮಾ ಕ್ಯಾಮೆರಾದವನೂ ಜೊತೆಗೆ. ಎಮುಗಳು ಮಾತ್ರ ಯುದ್ಧದ ಚಿತ್ರ ನೋಡಿದವಲ್ಲ. ಸಾಲಾಗಿ ನಿಂತು ಸಾಯುವ ಬದಲು ದಿಕ್ಕಿಗೊಂದರಂತೆ ಓಡಿದವು. ನೀರಿನ ಕಟ್ಟೆಯ ಹತ್ತಿರ ಹೊಂಚು ಹಾಕಿದಾಗ ಸಾವಿರದಷ್ಟು ಹಕ್ಕಿ ಎದುರಿಗೇ ಬಂದವು. ಒಂದು ಡಜನ್ ಬೀಳುವಷ್ಟರಲ್ಲಿ ಗನ್ ಜಾಮ್! ಲಾರಿಯ ಮೇಲೆ ಗನ್ ಕೂರಿಸಿ ಅಟ್ಟಿಸಿಕೊಂಡು ಹೋದರು. ಕುಲುಕಾಟದಲ್ಲಿ ಗುರಿ ಇರಲಿ, ಒಂದು ಗುಂಡು ಹಾರಿಸಲೂ ಆಗಲಿಲ್ಲ. ವಾರದೊಳಗೆ ಸೇನೆ ವಾಪಸು. ರೈತರು ಗೋಗರೆದ ಮೇಲೆ ಮತ್ತೆ ಬಂದು ಡಿಸೆಂಬರ್‌ವರೆಗೆ ಕಾದಾಡಿತು.

ನಿಜವಾದ ಶೌರ್ಯ ಇರುವುದು ಮೇಜರ್ ಸಾಹೇಬರ ವರದಿಯಲ್ಲಿ. ಖರ್ಚಾದ ಗುಂಡು 9,860. ಸತ್ತ ಎಮು 986. ತಲೆಗೆ ಕರಾರುವಾಕ್ಕಾಗಿ ಹತ್ತು! ಮದುವೆ ಮನೆಯ ಎಲೆ ಲೆಕ್ಕವೂ ಹೀಗೆ ತಾಳೆಯಾಗಿದ್ದನ್ನು ನಾನು ಕಂಡಿಲ್ಲ. ಗಾಯಗೊಂಡು ಆಮೇಲೆ ಸತ್ತವು ಇನ್ನೂ 2,500 ಅಂತೆ. ಪೊದೆ ಪೊದೆ ಹೊಕ್ಕು ಎಣಿಸಿದ ಪುಣ್ಯಾತ್ಮ ಯಾರೋ, ಪದಕ ಅವನಿಗೆ ಸಲ್ಲಬೇಕಿತ್ತು.

ಕೊನೆಗೆ ಕೆಲಸ ಸಾಧಿಸಿದ್ದು ಗನ್ ಅಲ್ಲ, ರೊಕ್ಕ. ಎಮು ಕೊಂದವರಿಗೆ ಇನಾಮು ಕೊಡುವ ಪದ್ಧತಿಯಡಿ 1934ರಲ್ಲಿ ಆರು ತಿಂಗಳೊಳಗೆ 57,034 ಇನಾಮುಗಳು ಸಂದಾಯವಾದವು. ಈ ಲೆಕ್ಕವನ್ನು ನಾನು ನಂಬುತ್ತೇನೆ ಸ್ವಾಮಿ. ಗುಂಡು ಹಾರಿಸುವವನು ಅಂದಾಜು ಹೇಳಬಹುದು, ದುಡ್ಡು ಕೊಡುವ ಗುಮಾಸ್ತ ಎರಡು ಸಲ ಎಣಿಸಿಯೇ ಕೊಡುತ್ತಾನೆ.