ಡಾಂಗಲ್ ಸರಿ, ಊರೇ ಸರಿಯಿಲ್ಲ

(ಶಿಕಾರಿಪುರದ ಒಂದು ಮೊಬೈಲ್ ಅಂಗಡಿ. ಗಿರಾಕಿ ಸೊರಬದ ಕಡೆಯವರು.)

ಗಿರಾಕಿ: ತಮ್ಮಾ, ಈ ಡಾಂಗಲ್ ವಾಪಸ್ ತಗೋ. ನಮ್ಮೂರಲ್ಲಿ ಟವರೇ ಸಿಗಲ್ಲ.

ಅಂಗಡಿಯವ: ಇಲ್ಲಿ ನೋಡಿ ಗೌಡ್ರೇ, ನಾಲ್ಕು ಕಡ್ಡಿ! ಡಾಂಗಲ್ ಸರಿ ಇದೆ, ನಿಮ್ಮೂರೇ ಸರಿಯಿಲ್ಲ.

ಗಿರಾಕಿ: ಕೊಡುವಾಗ 'ಸೊರಬದ ಮೂಲೆಮೂಲೆಗೂ ಸಿಗ್ನಲ್' ಅಂದಿದ್ಯಲ್ಲ?

ಅಂಗಡಿಯವ: ಮೂಲೆಗೆ ಅಂದೆ, ಮನೆಗೆ ಅಂದ್ನಾ? ಚಂದ್ರಗುತ್ತಿ ಗುಡ್ಡ ಹತ್ತಿ. ರೇಣುಕಾಂಬೆ ದರ್ಶನಾನೂ ಆಗುತ್ತೆ.

ಗಿರಾಕಿ: ದುಡ್ಡು ಕೊಡ್ತೀಯೋ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಲೋ?

ಅಂಗಡಿಯವ: ಬಿಲ್ ಓದಿ: 'ಮಾರಿದ ಮಾಲು ವಾಪಸಿಲ್ಲ.'

ಗಿರಾಕಿ: ಕಾನೂನು ಓದು: ದೋಷದ ಮಾಲು ವಾಪಸ್ ತಗೊಳ್ಳದೇ ಇರೋದೇ ಅನುಚಿತ ವ್ಯಾಪಾರ. ಬಿಲ್ಲಲ್ಲಿ ಗಡುವಿಲ್ಲದಿದ್ರೆ 30 ದಿನ.

ಅಂಗಡಿಯವ: (ಮೆಲ್ಲಗೆ) ಟೀ ತರಿಸ್ಲಾ?

(ಓದುಗರೇ, 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ. ಬಿಲ್ ಬಿಸಾಡಬೇಡಿ.)