ಬಿಳಿ ಟೋಪಿ ಹಾಕಿಸಿಕೊಂಡವರು

ಬಿಳಿಯರೇ ಶ್ರೇಷ್ಠರೆಂದು ಕೂಗುವ ಅಮೆರಿಕದ ಸಂಘಗಳಿಗೆ ಯಾರು ಸೇರುತ್ತಾರೆ ಎಂದು ಅಲ್ಲಿನ ಓದಿದ ಮಂದಿಯನ್ನು ಕೇಳಿ ನೋಡಿ, ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ದಕ್ಷಿಣದ ಯಾವುದೋ ಮೂಲೆಯ ಹಳ್ಳಿಗ. ಕೆಲಸವಿಲ್ಲ, ಶಾಲೆ ಅರ್ಧಕ್ಕೇ ಬಿಟ್ಟವನು, ಮುಂದಿನ ಎರಡು ಹಲ್ಲೂ ಇಲ್ಲ. ಸಿನಿಮಾದವರೂ ಇದೇ ವೇಷ ಕಟ್ಟಿಕೊಂಡು ಬಂದಿದ್ದಾರೆ. ಎಂಥ ಅನುಕೂಲ! ದ್ವೇಷ ಬಡವರ ಕಾಯಿಲೆ ಎಂದಾಗಿಬಿಟ್ಟರೆ ಡಿಗ್ರಿ ಆದವರೆಲ್ಲ ಲಸಿಕೆ ಹಾಕಿಸಿಕೊಂಡ ಹಾಗೆ.

ಹಲ್ಲಿಲ್ಲದವನನ್ನು ಹುಡುಕಿ ಹೋದರೆ ಚರಿತ್ರೆಯಲ್ಲಿ ಸಿಗುವವನು ಹಲ್ಲಿನ ಡಾಕ್ಟರು. 1922ರಲ್ಲಿ ಅಂಥದೇ ಸಂಘವಾದ ಕು ಕ್ಲಕ್ಸ್ ಕ್ಲಾನ್‌ನ ಪೀಠವೇರಿದ ಹೈರಮ್ ಇವಾನ್ಸ್ ಡಾಲಸ್‌ನಲ್ಲಿ ದಂತವೈದ್ಯನಾಗಿದ್ದ. ಪೀಠದ ಬಿರುದು ‘ಇಂಪೀರಿಯಲ್ ವಿಜರ್ಡ್’. ಹಲ್ಲು ಕೀಳುವವನನ್ನು ಚಕ್ರವರ್ತಿ, ಮಂತ್ರವಾದಿ ಎರಡೂ ಮಾಡುವ ಸಂಘ ಇನ್ನೆಲ್ಲಿ ಸಿಕ್ಕೀತು?

ಅವನಿಗೂ ಮುಂಚಿನ ಪೀಠಾಧಿಪತಿ ವಿಲಿಯಂ ಸಿಮನ್ಸ್. ಪಾದ್ರಿ ಕೆಲಸ ಕೈಹತ್ತದೆ, 1915ರಲ್ಲಿ ಜಾರ್ಜಿಯಾದ ಬೆಟ್ಟವೊಂದರ ಮೇಲೆ ಶಿಲುಬೆಗೆ ಬೆಂಕಿಯಿಟ್ಟು ಸತ್ತಿದ್ದ ಕ್ಲಾನನ್ನು ಎಬ್ಬಿಸಿದ. ಐದು ವರ್ಷ ತೆವಳಿದರೂ ಜನ ಸೇರಲಿಲ್ಲ. 1920ರಲ್ಲಿ ಪ್ರಚಾರವನ್ನೇ ಕಸುಬಾಗಿಸಿಕೊಂಡಿದ್ದ ಎಡ್ವರ್ಡ್ ಕ್ಲಾರ್ಕ್, ಎಲಿಜಬೆತ್ ಟೈಲರ್ ಎಂಬ ಜೋಡಿಗೆ ಗುತ್ತಿಗೆ ಕೊಟ್ಟಮೇಲೆ ನೋಡಿ ಮಜಾ. ಸದಸ್ಯತ್ವಕ್ಕೆ 10 ಡಾಲರ್. ಆಳು ಹಿಡಿದು ತಂದವನಿಗೆ ಅದರಲ್ಲಿ 4. ಮಿಕ್ಕಿದ್ದು ಅವನ ಮೇಲಿನವನಿಗೆ, ಅವನ ಮೇಲಿನವನಿಗೆ, ಹೀಗೆ ಏರುತ್ತ ಹೋಗುತ್ತಿತ್ತು. ಸಮವಸ್ತ್ರದ ನಿಲುವಂಗಿಗೆ ಬೇರೆ ದುಡ್ಡು. ನಮ್ಮೂರಲ್ಲಿ ಪಾತ್ರೆ, ಸೋಪು, ಶಕ್ತಿವರ್ಧಕ ಪುಡಿಗಳ ಚೈನ್ ಲಿಂಕ್ ವ್ಯವಹಾರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಸದಸ್ಯರಾದರು.

10 ಡಾಲರ್ ಕೊಡಲು ಜೇಬಲ್ಲಿ 10 ಡಾಲರ್ ಇರಬೇಕಲ್ಲ. ಅರ್ಥಶಾಸ್ತ್ರಜ್ಞರಾದ ರೋಲಂಡ್ ಫ್ರೈಯರ್ ಮತ್ತು ಸ್ಟೀವನ್ ಲೆವಿಟ್ ಕ್ಲಾನ್‌ನ ಹಳೆಯ ದಾಖಲೆಗಳನ್ನು ತಿರುವಿ ಹಾಕಿದಾಗ, ಸದಸ್ಯರು ಸುತ್ತಲಿನ ಜನಕ್ಕಿಂತ ಹೆಚ್ಚು ಓದಿದವರು, ಒಳ್ಳೆಯ ಉದ್ಯೋಗದಲ್ಲಿದ್ದವರು ಎಂದು ಕಂಡಿತು. 1925ರ ಆಗಸ್ಟಿನಲ್ಲಿ ಕ್ಲಾನ್‌ನವರು ವಾಷಿಂಗ್ಟನ್ನಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮೆರವಣಿಗೆ ಹೋದದ್ದು ಮುಖ ಮುಚ್ಚಿಕೊಂಡಲ್ಲ. ಮಾನಸ್ಥರಿಗೆ ಮುಸುಕು ಯಾಕೆ?

ಈಗಿನ ಕಾಲಕ್ಕೆ ಬಂದರೆ ನಿಲುವಂಗಿ ಹೋಗಿ ಇಸ್ತ್ರಿ ಮಾಡಿದ ಪೋಲೋ ಶರ್ಟು ಬಂದಿದೆ. 2017ರ ಆಗಸ್ಟಿನಲ್ಲಿ ಶಾರ್ಲಟ್ಸ್‌ವಿಲ್‌ನಲ್ಲಿ ರಾತ್ರಿ ಪಂಜು ಹಿಡಿದು, ನಮ್ಮ ಜಾಗಕ್ಕೆ ಇನ್ಯಾರೂ ಬರಕೂಡದೆಂದು ಅರಚಿದವರ ಕೈಯಲ್ಲಿದ್ದದ್ದು ಹಿತ್ತಲಿನ ಪಾರ್ಟಿಗಳಲ್ಲಿ ಹಚ್ಚುವ ಬಿದಿರಿನ ಟಿಕಿ ದೀಪ. ಪೆಸಿಫಿಕ್ ದ್ವೀಪದವರನ್ನು ಅನುಕರಿಸಿ ಮಾಡಿದ ಅಲಂಕಾರದ ವಸ್ತು. ಬಿಳಿ ನಾಗರಿಕತೆಯನ್ನು ಉಳಿಸಲು ಕೈಗೆ ಸಿಕ್ಕಿದ್ದು ಅದೊಂದೇ! ಮುಂದಾಳು ರಿಚರ್ಡ್ ಸ್ಪೆನ್ಸರ್ ಷಿಕಾಗೋ ವಿಶ್ವವಿದ್ಯಾಲಯದ ಎಂ.ಎ.; ಡ್ಯೂಕ್‌ನಲ್ಲಿ ಪಿಎಚ್‌.ಡಿ.ಗೆ ಕೂತು ಅರ್ಧಕ್ಕೆ ಬಿಟ್ಟವನು. ಅರ್ಧಕ್ಕೆ ಬಿಟ್ಟವನೆಂಬ ಭಾಗ ಮಾತ್ರ ಹಳೆಯ ಚಿತ್ರಕ್ಕೆ ಹೊಂದುತ್ತದೆ. ಅದೇ ಬಳಗದ ಹಿರಿಯ ಜೇರೆಡ್ ಟೇಲರ್ ಹುಟ್ಟಿದ್ದು ಜಪಾನಿನಲ್ಲಿ, ಮಿಷನರಿ ದಂಪತಿಯ ಮಗನಾಗಿ, ಓದಿದ್ದು ಯೇಲ್‌ನಲ್ಲಿ. ಪಂಜಿನ ರಾತ್ರಿಯ ಮರುದಿನ ಶಾರ್ಲಟ್ಸ್‌ವಿಲ್‌ನಲ್ಲೇ 20ರ ಹುಡುಗನೊಬ್ಬ ಜನರ ಮೇಲೆ ಕಾರು ನುಗ್ಗಿಸಿ ಹೆದರ್ ಹೆಯರ್ ಎಂಬಾಕೆಯನ್ನು ಕೊಂದ. ಪಂಜು ಹಿಡಿಸಿದವರು ಪ್ರಬಂಧ ಬರೆಯುವವರು, ಜೀವಾವಧಿ ಜೈಲು ಅವನಿಗೆ.

ಸಮಾಜಶಾಸ್ತ್ರಜ್ಞೆ ಕ್ಯಾಥ್ಲೀನ್ ಬ್ಲೀ ಇಂಥ ಗುಂಪುಗಳ ಹೆಂಗಸರನ್ನು ಕೂರಿಸಿ ಮಾತಾಡಿಸಿ 2002ರಲ್ಲಿ ಪುಸ್ತಕ ಬರೆದರು. ಹೆಚ್ಚಿನವರು ಬಡವರೂ ಅಲ್ಲ, ಓದದವರೂ ಅಲ್ಲ. ದ್ವೇಷ ಉಕ್ಕಿ ಹೋಗಿ ಸೇರಿದವರೂ ಕಡಿಮೆ. ಪರಿಚಯದವರು ಕರೆದರು, ಹೋದರು. ದ್ವೇಷವನ್ನು ಅಲ್ಲಿ ಕಲಿತರು. ಭಜನಾ ಮಂಡಳಿಗೆ ಸೇರಿದ ಮೇಲೆ ಹಾಡು ಬಾಯಿಪಾಠ ಆಗುವುದು ಹೀಗೇ ತಾನೆ?

ಇದನ್ನೆಲ್ಲ ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವನಿಗೆ ಹೇಳಿದೆ. “ಅವರೆಲ್ಲ ಅನ್‌ಎಜುಕೇಟೆಡ್ ಕಣಯ್ಯಾ,” ಅಂದರು. “ನಮ್ಮ ಏರಿಯಾದಲ್ಲಿ ಬರೀ ಡಾಕ್ಟರು, ಲಾಯರುಗಳು. ಏನೂ ತೊಂದರೆಯಿಲ್ಲ.”

ಆಗ ಭಗತ್ ಸಿಂಗ್ ಥಿಂಡ್ ಕಥೆ ತೆಗೆದೆ. ಅಮೆರಿಕದ ಸೈನ್ಯದಲ್ಲಿ ದುಡಿದ ಪಂಜಾಬಿ. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಸಿಗುತ್ತಿದ್ದ ಕಾಲ. ತಾನು ಆರ್ಯ, ಮೇಲ್ಜಾತಿಯವನು, ಆದ್ದರಿಂದ ಬಿಳಿಯನೇ ಎಂದು ಸುಪ್ರೀಂ ಕೋರ್ಟಿನ ತನಕ ವಾದಿಸಿದ. ನೀವು ಕರಿಯರನ್ನು ನೋಡುವಂತೆಯೇ ನಾವೂ ನಮ್ಮ ಕೆಳಗಿನವರನ್ನು ನೋಡುತ್ತೇವೆ ಎಂಬ ಧಾಟಿಯ ವಾದವನ್ನೂ ಅವನ ಪರವಾಗಿ ಮಂಡಿಸಿದರು. 1923ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಆಗದು ಎಂದರು: ಜನಸಾಮಾನ್ಯರ ಕಣ್ಣಿಗೆ ನೀನು ಬಿಳಿಯನಲ್ಲ. ಆಮೇಲೆ ಅದಾಗಲೇ ಪೌರರಾಗಿದ್ದ ಭಾರತೀಯರಲ್ಲಿ ಹಲವರ ಪೌರತ್ವವನ್ನೂ ಕಿತ್ತುಕೊಂಡರು.

ಭಾವ ಸ್ವಲ್ಪ ಹೊತ್ತು ಯೋಚಿಸಿದರು. “ಲಾಯರು ಸರಿ ಇರಲಿಲ್ಲ ಅನ್ಸತ್ತೆ ಕಣಯ್ಯಾ. ಪಾಯಿಂಟು ಸ್ಟ್ರಾಂಗಾಗೇ ಇತ್ತು.”