ತೂಕಾತೀತ ದೇಹಪ್ರಗತಿ: ಒಂದು ಪ್ರಮಾಣ ಮೀಮಾಂಸೆ

ದೇಹವಿಷಯದಲ್ಲಿ ತೂಕದ ಯಂತ್ರವು ಅಪ್ರಮಾಣವೆಂಬುದು ಈಗ ವಿದ್ವತ್ಸಮ್ಮತ. ರಾತ್ರಿ ತಿಂದ ಉಪ್ಪಿನಕಾಯಿ ಹಿಡಿದಿಟ್ಟ ನೀರನ್ನೂ ಅದು ಬೆಳಿಗ್ಗೆ ನಮ್ಮ ಲೆಕ್ಕಕ್ಕೇ ಬರೆಯುತ್ತದೆ. ಸಾಮು ತೆಗೆದು ಬೆಳೆಸಿದ ತೋಳಿಗೂ ಚಿರೋಟಿಯಿಂದ ಬೆಳೆದ ಹೊಟ್ಟೆಗೂ ಅದಕ್ಕೆ ಭೇದವಿಲ್ಲ. ಹಾಗಾದರೆ ತೂಕಾತೀತ ಪ್ರಗತಿಯನ್ನು ಅರಿಯುವ ಬಗೆ ಯಾವುದು? ಈ ಜಿಜ್ಞಾಸೆಯಿಂದಲೇ ಆ್ಯಪ್, ಕೈಪಟ್ಟಿ, ಉಂಗುರ, ಮಾಸಿಕ ಚಂದಾ ಮೊದಲಾದ ಅಂಗೋಪಾಂಗಗಳು ಹುಟ್ಟಿವೆ. ನಮ್ಮ ಕಚೇರಿಯ ಸ್ವಾಸ್ಥ್ಯ ಸಮಿತಿ ಕಳಿಸಿದ ‘ಸಮಗ್ರ ಸ್ವಾಸ್ಥ್ಯ ಸೂಚ್ಯಂಕ’ವೆಂಬ ದಪ್ಪನೆಯ ಪಿಡಿಎಫ್ಫನ್ನು ಪೂರ್ತಿ ಓದಬೇಕಾಗಿ ಬಂದ ಈ ಲೇಖಕನು, ಅವೆಲ್ಲವನ್ನೂ ನ್ಯಾಯಶಾಸ್ತ್ರದ ನಾಲ್ಕು ಪ್ರಮಾಣಗಳಡಿ ವಿಂಗಡಿಸಲು ಹೊರಟಿದ್ದಾನೆ.

ಮೊದಲನೆಯದು ಪ್ರತ್ಯಕ್ಷ. ಇದಕ್ಕೆ ಉಡಿದಾರವೇ ಸಾಧನ. ಚಾರ್ಜ್ ಬೇಡ, ಪಾಸ್‌ವರ್ಡ್ ಬೇಡ; ಬಿಗಿಯಾದ ದಿನ ಸೊಂಟದ ಮೇಲೆ ಕೆಂಪು ಗೆರೆ ಎಳೆದು ವರದಿ ಒಪ್ಪಿಸುತ್ತದೆ. ಸ್ತ್ರೀಪಕ್ಷದಲ್ಲಿ ರವಿಕೆಯ ಒಳಹೊಲಿಗೆ: ಟೈಲರು ಬಿಚ್ಚಲು ಇನ್ನೆಷ್ಟು ಬಟ್ಟೆ ಉಳಿದಿದೆ ಎಂಬುದರಿಂದ ಸ್ಥಿತಿ ನಿರ್ಣಯ. ಭಾರತೀಯರ ಸೊಂಟಕ್ಕೆ ವೈದ್ಯರು ಹಾಕಿರುವ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ತಿಳಿಯಲು ಅದೇ ಟೈಲರಿನ ಟೇಪು ಸಾಕು.

ಎರಡನೆಯದು ಅನುಮಾನ. ಕೊಬ್ಬಿನ ಶೇಕಡಾವಾರು ಹೇಳುವ ಯಂತ್ರ ಈ ವರ್ಗದ್ದು. ಹೊಗೆ ಕಂಡು ಬೆಂಕಿ ಊಹಿಸಿದಂತೆ, ಅಂಗಾಲಿನಿಂದ ನಸು ವಿದ್ಯುತ್ ಹಾಯಿಸಿ, ಮೈ ಒಡ್ಡಿದ ತಡೆಯಿಂದ ನೀರನ್ನೂ ನೀರಿನಿಂದ ಕೊಬ್ಬನ್ನೂ ಊಹಿಸುತ್ತದೆ. ಬಾಯಾರಿ ನಿಂತವನಿಗೆ ಕೊಬ್ಬು ಹೆಚ್ಚೆಂದು ತೀರ್ಪು ಕೊಡಬಹುದು. ಆದರೂ ಬಿಂದುವಿನಾಚೆ ಒಂದು ಅಂಕಿ ಇರುವುದರಿಂದ ಇದು ವಿಜ್ಞಾನ. ಬಿಎಂಐಯದೂ ಇದೇ ಗೋತ್ರ. 19ನೇ ಶತಮಾನದಲ್ಲಿ ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕೆಟ್ಲೆ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತ ಹಾಕಿದ ಲೆಕ್ಕವದು, 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದಕ್ಕೆ ಈಗಿನ ಹೆಸರಿಟ್ಟರು. ಜನಸಮೂಹಕ್ಕೆಂದು ಹಾಕಿದ ಲೆಕ್ಕ ಈಗ ನಮ್ಮ ಅಕೌಂಟ್ಸ್ ವಿಭಾಗದ ಒಬ್ಬೊಬ್ಬರ ಹೊಟ್ಟೆಯನ್ನೂ ವಿಚಾರಣೆಗೆ ಕರೆಯುತ್ತದೆ.

ಮೂರನೆಯದು ಶಬ್ದ, ಅರ್ಥಾತ್ ಆಪ್ತವಾಕ್ಯ. ಮದುವೆಮನೆಯ ಸೋದರತ್ತೆ ಇದರ ಆಕರ. “ಏನೇ, ಗಂಡನ ಮನೆ ನೀರು ಚೆನ್ನಾಗೇ ಹಿಡಿಸಿದೆ!” ಎನ್ನುವುದು ಏರಿಕೆಗೆ, “ಯಾಕೋ ಸೊರಗಿದ್ದೀಯ, ಶುಗರ್ ಟೆಸ್ಟ್ ಮಾಡಿಸಿದ್ಯಾ?” ಎನ್ನುವುದು ಇಳಿಕೆಗೆ. ಎರಡರಲ್ಲೂ ಶಿಕ್ಷೆ ಖಚಿತ.

ನಾಲ್ಕನೆಯ ಉಪಮಾನದಲ್ಲಿ ‘ಮೊದಲು–ನಂತರ’ದ ಫೋಟೋಗಳು ಬರಬೇಕಿತ್ತು. ಬೇಡ, ವರ್ಗೀಕರಣದ ಸಹವಾಸ ಇಲ್ಲಿಗೆ ಸಾಕು.

ಏಕೆಂದರೆ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ವಿಷಯ ಬಾಕಿ ಇದೆ. ಅದೇನೂ ವೈದ್ಯರ ಸಭೆ ಕೂತು ನಿಶ್ಚಯಿಸಿದ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನ ಪೇಟೆಗೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲೇ 10,000 ಇತ್ತು, ಅಷ್ಟೆ. ನಮ್ಮ ಕಚೇರಿಯಲ್ಲಿ ಆ ಸಂಖ್ಯೆಯ ಮೇಲೆ ಸ್ಪರ್ಧೆ ನಡೆಯಿತು. ಒಬ್ಬ ಮ್ಯಾನೇಜರ್ ಸಾಹೇಬರು ದಿನವಿಡೀ ಮೀಟಿಂಗಿನಲ್ಲಿ ಕೂರಬೇಕಾಗಿದ್ದರಿಂದ ತಮ್ಮ ವಾಚ್ ಬಿಚ್ಚಿ ಹೌಸ್‌ಕೀಪಿಂಗಿನ ಅಮ್ಮನ ಕೈಗೆ ಕಟ್ಟಿದರು. “ಸಂಜೆ ಕೊಡಿ ಅಮ್ಮಾ, ಸಾಕು.” ನೆಲ ಒರೆಸುವಾಗ ನೀರು ತಾಗೀತೆಂದು ಆಕೆ ಅದರ ಮೇಲೆ ಹಾಲಿನ ಪ್ಯಾಕೆಟ್ಟಿನ ಕವರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದರು. ಹೆಜ್ಜೆ ಆಕೆಯವು, ಬಹುಮಾನದ ಕೂಪನ್ ಸಾಹೇಬರದು. ಎಲ್ಲರೂ ನಕ್ಕರು. ನಗುವಂಥದ್ದು ಅದರಲ್ಲಿ ಏನಿತ್ತು?

ಆಕೆಗೆ ಮಂಡಿನೋವು. ಮೆಟ್ಟಿಲ ಮಧ್ಯೆ ಬಕೆಟ್ ಇಳಿಸಿ, ಗೋಡೆ ಹಿಡಿದು ನಿಲ್ಲುತ್ತಾರೆ. ನಿಲ್ಲದೆ ಹತ್ತುವಂತಾದರೆ, ಕುಕ್ಕರಗಾಲಲ್ಲಿ ಕೂತವರು ಕೈಯೂರದೆ ಎದ್ದರೆ, ನಡೆಯುತ್ತ ಮಾತಾಡಲು ಉಸಿರು ಉಳಿದರೆ, ಮಲಗಿದೊಡನೆ ನಿದ್ದೆ ಬಂದರೆ ಅದು ಪ್ರಗತಿ. ಅದನ್ನು ತಿಳಿಯಲು ಒಂದು ಪೈಸೆ ಖರ್ಚಿಲ್ಲ. ಆ ಪಿಡಿಎಫ್ಫಿನಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ದಿನಕ್ಕೆ ಅಷ್ಟು ನಡೆದು ಮೈ ಸವೆಸುವವರಿಗೆ ಬೇಕಾದದ್ದು ವಿಶ್ರಾಂತಿ, ಒಳ್ಳೆಯ ಊಟ, ಮೂಳೆ ಡಾಕ್ಟರು.

ಸ್ವಾಸ್ಥ್ಯ ಸಮಿತಿಯ ಮಹನೀಯರಲ್ಲಿ ಅರಿಕೆ: ಆ ಕೂಪನ್ನಿನ ದುಡ್ಡನ್ನು ಆಕೆಗೆ ಕೊಡಿಸಿ. ಬಕೆಟ್ ಹಿಡಿದವರು ಲಿಫ್ಟ್ ಬಳಸಬಾರದೆಂದು ನೆಲಮಹಡಿಯಲ್ಲಿ ಅಂಟಿಸಿರುವ ಚೀಟಿಯನ್ನು ನಾಳೆ ಬೆಳಿಗ್ಗೆಯೇ ಕಿತ್ತುಹಾಕಿ.